ಶಾಫ್ಟ್ ಮೇಲಿರೋ ಅಕ್ಷರ ನೋಡಿ ದುಡ್ಡು ಕೊಡ್ಬೇಡಿ: ಗಾಲ್ಫ್ ಪ್ರಶ್ನೋತ್ತರ

ಈ ಸಲ ಬಂದಿರೋ ಪತ್ರ, ಮೇಲ್ ಎಲ್ಲ ಸೇರ್ಸಿ ನೋಡಿದ್ರೆ ಮುಕ್ಕಾಲು ಪಾಲು ಕ್ಲಬ್ಬು, ಶಾಫ್ಟ್ (ಕ್ಲಬ್ಬಿನ ಉದ್ದನೆ ಕೋಲು) ಬಗ್ಗೇನೇ ಇದೆ. ಸ್ವಿಂಗ್ ಬಗ್ಗೆ ಕೇಳಿದವರು ತೀರಾ ಕಮ್ಮಿ, ಅದೂ ಸರೀನೇ ಬಿಡಿ, ಸ್ವಿಂಗ್ ಸರಿ ಮಾಡೋಕೆ ಬೆವರು ಸುರಿಸ್ಬೇಕು, ಶಾಫ್ಟಿಗಾದ್ರೆ ಕಾರ್ಡ್ ಉಜ್ಜಿದ್ರೆ ಸಾಕು. ತಮಾಷೆಗೆ ಹೇಳ್ದೆ, ಬೇಜಾರು ಮಾಡ್ಕೋಬೇಡಿ, ನಾನೂ ಅದೇ ಹುಚ್ಚಿನ ಗುಂಪಿಗೆ ಸೇರಿದವನೇ. ಒಂದೇ ಥರದ ಪ್ರಶ್ನೆಗಳನ್ನ ಒಂದ್ರಲ್ಲೇ ಸೇರ್ಸಿದೀನಿ, ನಿಮ್ಮದು ಕಾಣ್ಲಿಲ್ಲ ಅಂದ್ರೆ ಪಕ್ಕದ ಪ್ರಶ್ನೆ ಓದಿ, ಉತ್ತರ ಅಲ್ಲೇ ಇರುತ್ತೆ.

ಪ್ರಶ್ನೆ: ಸಾರ್, ನನ್ನ ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯೋ ಕ್ಲಬ್) ಸ್ವಿಂಗ್ ಸ್ಪೀಡ್ 92 ಎಂಪಿಹೆಚ್ (ಗಂಟೆಗೆ ಮೈಲಿ) ಬರುತ್ತೆ. ಒಂದು ಅಂಗಡೀಲಿ ರೆಗ್ಯುಲರ್ ತಗೊಳ್ಳಿ ಅಂದ್ರು, ಇನ್ನೊಂದ್ರಲ್ಲಿ ಸ್ಟಿಫ್ಫೇ ಸರಿ ಅಂದ್ರು. ಜೊತೆಗೆ ಆಡೋರೆಲ್ಲ ಸ್ಟಿಫ್ ಹಾಕ್ಕೊಂಡಿದಾರೆ. ಯಾವುದು ತಗೊಳ್ಲಿ? (ಮೈಸೂರಿನ ಓದುಗರು)

ಉತ್ತರ: ಇಬ್ರೂ ಸರಿ ಹೇಳಿರ್ಬಹುದು ಸಾರ್, ಯಾಕಂದ್ರೆ ಇಬ್ರೂ ತೋರಿಸಿದ ಶಾಫ್ಟ್ ಬೇರೆ ಬೇರೆ ಕಂಪನೀದು ಅಂತ ಕಾಣುತ್ತೆ. ಶಾಫ್ಟ್ ಮೇಲೆ ಆರ್, ಎಸ್, ಎಕ್ಸ್ (ರೆಗ್ಯುಲರ್, ಸ್ಟಿಫ್, ಎಕ್ಸ್ಟ್ರಾ ಸ್ಟಿಫ್) ಅಂತ ಬರೆದಿರ್ತಾರಲ್ಲ, ಅದಕ್ಕೆ ಐಎಸ್ಐ ಮಾರ್ಕ್ ಥರ ಒಂದು ಅಳತೆ ಅನ್ನೋದೇ ಇಲ್ಲ. ಗಾಲ್ಫ್ ರೂಲ್ಸ್ ಬರೆಯೋ ಆರ್ ಅಂಡ್ ಎ ಆಗ್ಲಿ ಯುಎಸ್‌ಜಿಎ ಆಗ್ಲಿ ಹೆಡ್ ಸೈಜು 460 ಸಿಸಿ ದಾಟ್ಬಾರ್ದು ಅಂತ ಹೇಳ್ತಾರೆ, ಫೇಸ್ (ಬಾಲಿಗೆ ತಾಗೋ ಮುಖ) ಎಷ್ಟು ಚಿಮ್ಮಬಹುದು ಅಂತ ಮಿತಿ ಹಾಕ್ತಾರೆ, ಆದ್ರೆ ಸ್ಟಿಫ್ ಅಂದ್ರೆ ಎಷ್ಟು ಗಟ್ಟಿ ಅಂತ ಯಾರೂ ಹೇಳಿಲ್ಲ. ಒಂದು ಕಂಪನಿಯ ಆರ್, ಇನ್ನೊಂದು ಕಂಪನಿಯ ಎಸ್‌ಗಿಂತ ಗಟ್ಟಿ ಇರೋದು ಏನೂ ಅಪರೂಪ ಅಲ್ಲ, ಒಂದೇ ಕಂಪನೀಲೇ ಒಂದು ಮಾಡೆಲ್ಲಿಂದ ಇನ್ನೊಂದಕ್ಕೆ ವ್ಯತ್ಯಾಸ ಇರುತ್ತೆ. ಅದಕ್ಕೇ ಸರಿಯಾದ ಫಿಟ್ಟರ್ (ಆಟಗಾರರಿಗೆ ತಕ್ಕ ಕ್ಲಬ್ ಹೊಂದಿಸೋರು) ಹತ್ರ ಫ್ರೀಕ್ವೆನ್ಸಿ ಮೆಷೀನ್ ಇರುತ್ತೆ, ಗ್ರಿಪ್ ಕಡೆ ಬಿಗಿಯಾಗಿ ಹಿಡಿಸಿ ತುದಿ ಎಳೆದು ಬಿಟ್ರೆ ನಿಮಿಷಕ್ಕೆ ಎಷ್ಟು ಸಲ ಅಲ್ಲಾಡುತ್ತೆ ಅಂತ ಅಂಕಿ ಕೊಡುತ್ತೆ, ಸಿಪಿಎಂ ಅಂತಾರೆ. ಅಂಕಿ ಜಾಸ್ತಿ ಅಂದ್ರೆ ಗಟ್ಟಿ. ಎರಡು ಶಾಫ್ಟನ್ನ ಒಂದೇ ಉದ್ದ, ಒಂದೇ ಹೆಡ್ ಹಾಕಿ ಅದರಲ್ಲಿ ಅಳೆದ್ರೆ ಅಕ್ಷರದ ಬಂಡವಾಳ ಅಲ್ಲೇ ಬಯಲಾಗುತ್ತೆ.

ನನ್ನ ಕೇಳಿದ್ರೆ ಫ್ಲೆಕ್ಸ್ (ಶಾಫ್ಟ್ ಎಷ್ಟು ಬಗ್ಗುತ್ತೆ ಅನ್ನೋದು) ಎರಡನೇ ಪ್ರಶ್ನೆ, ಮೊದಲನೇದು ತೂಕ. ಕೈಗೆ ನಿಜವಾಗ್ಲೂ ಗೊತ್ತಾಗೋದು ತೂಕಾನೇ. ಡ್ರೈವರ್‌ಗೆ ಈಗ 40 ಗ್ರಾಂನಿಂದ 80 ಗ್ರಾಂವರೆಗೂ ಗ್ರಾಫೈಟ್ ಸಿಗುತ್ತೆ, ಹವ್ಯಾಸಿಗಳಲ್ಲಿ ಹೆಚ್ಚಿನವರು 50ರಿಂದ 65ರ ಮಧ್ಯೆ ಸೆಟ್ ಆಗ್ತಾರೆ. ತೀರಾ ಹಗುರ ಆದ್ರೆ ಕೆಲವರಿಗೆ ಕ್ಲಬ್ಬು ಎಲ್ಲಿದೆ ಅಂತಾನೇ ಗೊತ್ತಾಗಲ್ಲ, ಕೈ ಮುಂಚೆನೇ ಓಡಿಬಿಡುತ್ತೆ, ಬಾಲು ಫೇಸಿನ ಮೂಲೆ ಮೂಲೆಗೆ ತಾಗುತ್ತೆ. ತೀರಾ ಭಾರ ಆದ್ರೆ ಹತ್ತನೇ ಹೋಲ್ ಹೊತ್ತಿಗೆ ಸುಸ್ತು, ಬಾಲು ಬಲಗಡೆ ಜಾರೋಕೆ ಶುರು. ಇನ್ನು ಟೆಂಪೋ, ಅಂದ್ರೆ ಬೀಸೋ ಲಯ. ಮೇಲಿಂದ ಕೆಳಗೆ ಬರುವಾಗ ದಡಕ್ಕಂತ ಎಳೆಯೋರಿಗೆ 92 ಸ್ಪೀಡಲ್ಲೂ ಸ್ವಲ್ಪ ಗಟ್ಟಿ, ಸ್ವಲ್ಪ ಭಾರದ ಶಾಫ್ಟೇ ಹಿಡಿಸ್ಬಹುದು, ಮೆತ್ತಗೆ ಬೀಸೋರು 97 ಇದ್ರೂ ರೆಗ್ಯುಲರಲ್ಲೇ ಚೆನ್ನಾಗಿ ಹೊಡೀತಾರೆ. ಬರೀ ಸ್ಪೀಡ್ ನೋಡಿ ಫ್ಲೆಕ್ಸ್ ಹೇಳೋ ಚಾರ್ಟ್ ಗೋಡೆ ಮೇಲೆ ಚೆಂದ ಅಷ್ಟೆ.

ಟಾರ್ಕ್ ಬಗ್ಗೇನೂ ಕೆಲವರು ಕೇಳಿದಾರೆ, ಅದು ಶಾಫ್ಟ್ ತಿರುಚಿಕೊಳ್ಳೋದು, ಡಿಗ್ರೀಲಿ ಬರೀತಾರೆ, 3 ಅಂದ್ರೆ ಬಿಗಿ, 5 ದಾಟಿದ್ರೆ ಸಡಿಲ. ನಮ್ಮಂಥವರ ಸ್ಪೀಡಲ್ಲಿ ಬಾಲು ಎಲ್ಲಿ ಬೀಳುತ್ತೆ ಅನ್ನೋದಕ್ಕಿಂತ ಕೈಗೆ ಹೇಗನ್ಸುತ್ತೆ ಅನ್ನೋದ್ರಲ್ಲೇ ಅದರ ಪಾಲು ಜಾಸ್ತಿ. ಕಿಕ್ ಪಾಯಿಂಟ್ (ಶಾಫ್ಟ್ ಹೆಚ್ಚು ಬಗ್ಗೋ ಜಾಗ) ಕೂಡ ಹಂಗೇನೆ, ಅದಕ್ಕೆ ಕೊಡೋ ಪ್ರಚಾರಕ್ಕೂ ಬಾಲ್ ಏರೋ ಎತ್ತರದಲ್ಲಿ ಸಿಗೋ ವ್ಯತ್ಯಾಸಕ್ಕೂ ತಾಳೆ ಇಲ್ಲ. ಎತ್ತರ ಬೇಕಿದ್ರೆ ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿರೋ ಕೋನ) ಜಾಸ್ತಿ ಇರೋ ಹೆಡ್ ತಗೊಳ್ಳಿ, 9 ಡಿಗ್ರಿ ಬಿಟ್ಟು 10.5 ತಗೊಳ್ಳೋಕೆ ನಾಚ್ಕೆ ಏನಿದೆ?

ಮತ್ತೆ ಜೊತೆಗೆ ಆಡೋರೆಲ್ಲ ಸ್ಟಿಫ್ ಹಾಕಿದಾರೆ ಅನ್ನೋದು ಕಾರಣಾನೇ ಅಲ್ಲ. ಅವರ ಕ್ಲಬ್ಬಿಗೂ ಶಾಫ್ಟ್ ಹೆಸರು ಕಾಣದ ಹಾಗೆ ಟೇಪ್ ಸುತ್ತಿ ಹೊಡೆಸಿ ನೋಡಿ, ಎಷ್ಟು ಜನ ಯಾವುದು ಅಂತ ಹೇಳ್ತಾರೆ ನೋಡೋಣ. ನೀವು ಟೆಸ್ಟ್ ಮಾಡುವಾಗ್ಲೂ ಇದನ್ನೇ ಮಾಡಿ, ಅಂಗಡಿಯವರಿಗೆ ಹೇಳಿ ಟೇಪ್ ಹಾಕಿಸ್ಕೊಳ್ಳಿ.

ಪ್ರಶ್ನೆ: ಇಂಡೋರ್ ಸಿಮ್ಯುಲೇಟರಲ್ಲಿ ಹೊಸ ಡ್ರೈವರ್ ಟ್ರೈ ಮಾಡ್ದಾಗ 270 ಯಾರ್ಡ್ ಹೋಯ್ತು, ಖುಷೀಲಿ ತಗೊಂಡ್ಬಿಟ್ಟೆ. ಕೋರ್ಸಿಗೆ ಹೋದ್ರೆ 235 ದಾಟ್ತಿಲ್ಲ. ಮೋಸ ಹೋದ್ನಾ? ನನ್ನ ಸ್ಪೀಡ್ 95. (ಬೆಂಗಳೂರು)

ಉತ್ತರ: ಮೋಸ ಅಂತ ಹೇಳಲ್ಲ, ಆದ್ರೆ ಆ ಅಂಕಿನ ಯಾರೂ ಕೂರಿಸ್ಕೊಂಡು ಬಿಡಿಸಿ ಹೇಳ್ಲಿಲ್ಲ ಅಂತ ಕಾಣುತ್ತೆ. ಒಳಗೆ ಹೊಡೆದಾಗ ಬಾಲು ಹೋಗೋದು ನಾಲ್ಕು ಹೆಜ್ಜೆ ಆಚೆ ಇರೋ ಪರದೆವರೆಗೆ ಮಾತ್ರ ಅಲ್ವಾ, ಮೆಷೀನ್ ಅಳೆಯೋದು ಬಾಲ್ ಸ್ಪೀಡು, ಏರೋ ಕೋನ, ಸ್ಪಿನ್ನು, ದಿಕ್ಕು, ಮಿಕ್ಕಿದ್ದೆಲ್ಲ ಲೆಕ್ಕಾಚಾರ. ಆ ಲೆಕ್ಕಕ್ಕೆ ಎತ್ತರ ಎಷ್ಟು, ಟೆಂಪರೇಚರ್ ಎಷ್ಟು, ಫೇರ್‌ವೇ (ಹೋಲ್ ಕಡೆ ಹೋಗೋ, ಕತ್ತರಿಸಿದ ಹುಲ್ಲಿನ ಹಾದಿ) ಗಟ್ಟಿ ಇದ್ಯಾ ಮೆತ್ತಗಿದ್ಯಾ ಅಂತ ಸೆಟ್ಟಿಂಗ್ ಇರುತ್ತೆ, ಗಟ್ಟಿ ಅಂತ ಇಟ್ರೆ ಬಾಲು ಬಿದ್ದ ಮೇಲೆ ಮೂವತ್ತು ಯಾರ್ಡ್ ಉರುಳುತ್ತೆ, ನೋಡೋಕೆ ಸಂತೋಷ. ಹಾಗಾಗಿ ಮೊದಲು ಕೇಳ್ಬೇಕಾದ್ದು 270 ಅನ್ನೋದು ಕ್ಯಾರಿನೋ (ಬಾಲು ಗಾಳೀಲಿ ಹೋದ ದೂರ) ಟೋಟಲ್ಲೋ (ಉರುಳಿದ್ದೂ ಸೇರಿ) ಅಂತ. ಕ್ಯಾರಿ ಮಾತ್ರ ನೋಡಿ, ಉರುಳೋದು ಆಯಾ ಕೋರ್ಸು, ಆಯಾ ತಿಂಗಳ ಮಳೆಗೆ ಬಿಟ್ಟಿದ್ದು.

ಒಂದು ಹೋಲಿಕೆ ಕೊಡ್ತೀನಿ, ಟ್ರ್ಯಾಕ್‌ಮ್ಯಾನ್ ಅಂತ ಬಾಲ್ ಅಳೆಯೋ ಮೆಷೀನ್ ಮಾಡೋ ಕಂಪನಿಯವರು ಪ್ರಕಟಿಸಿದ್ದ ಟೂರ್ ಸರಾಸರಿ ಪಟ್ಟೀಲಿ ಎಲ್‌ಪಿಜಿಎ (ಅಮೆರಿಕಾದ ಮಹಿಳಾ ಟೂರ್) ಪ್ರೊಗಳ ಡ್ರೈವರ್ ಸ್ಪೀಡ್ 94 ಎಂಪಿಹೆಚ್, ಬಾಲ್ ಸ್ಪೀಡ್ 140, ಕ್ಯಾರಿ 218 ಯಾರ್ಡ್. ಹೆಚ್ಚು ಕಮ್ಮಿ ನಿಮ್ಮದೇ ಸ್ಪೀಡು, ದಿನಾ ಅದೇ ಕೆಲಸ ಮಾಡೋ ಅವರಿಗೆ 218. ಅಂದ್ಮೇಲೆ ನೀವು ಕೋರ್ಸಲ್ಲಿ ಉರುಳಿದ್ದೂ ಸೇರಿ 235 ಹೊಡೀತಿದೀರ ಅಂದ್ರೆ ನಿಮ್ಮ ಡ್ರೈವರ್‌ಗೆ ಯಾವ ರೋಗಾನೂ ಇಲ್ಲ, 270 ಅಂದ ಸೆಟ್ಟಿಂಗಿಗೆ ಇದೆ. ಇನ್ನೊಂದು ಅಂಕಿ ನೋಡ್ಕೊಳ್ಳಿ, ಸ್ಮ್ಯಾಶ್ ಫ್ಯಾಕ್ಟರ್ ಅಂತ, ಬಾಲ್ ಸ್ಪೀಡನ್ನ ಕ್ಲಬ್ ಸ್ಪೀಡಿಂದ ಭಾಗ್ಸಿದ್ರೆ ಬರೋದು. ಡ್ರೈವರಲ್ಲಿ ಅದು 1.5ರ ಆಸುಪಾಸಿಗೆ ನಿಲ್ಬೇಕು, ಮೆಷೀನು 1.58, 1.6 ಅಂತ ತೋರಿಸ್ತಿದ್ರೆ ಕ್ಲಬ್ ಸ್ಪೀಡನ್ನ ತಪ್ಪಾಗಿ ಓದ್ತಿದೆ ಅಂತಾನೇ ಅರ್ಥ, ಆಗ ಆ ದಿನದ ಎಲ್ಲಾ ಅಂಕಿನೂ ಪಕ್ಕಕ್ಕಿಡಿ. ಸ್ಪಿನ್ ಕೂಡ ಹಾಗೇ, ರಾಡಾರ್ ಮೆಷೀನ್‌ಗಳು ಒಳಗಡೆ ಸರಿಯಾಗಿ ಸ್ಪಿನ್ ಹಿಡೀಬೇಕು ಅಂದ್ರೆ ಬಾಲ್ ಮೇಲೆ ಚಿಕ್ಕ ಮೆಟಲ್ ಸ್ಟಿಕ್ಕರ್ ಅಂಟಿಸ್ಬೇಕು ಇಲ್ಲಾ ಅದಕ್ಕಂತಾನೇ ಮಾಡಿದ ಬಾಲ್ ಬೇಕು, ಇಲ್ದಿದ್ರೆ ಅಂದಾಜು. ಕ್ಯಾಮರಾ ಮೆಷೀನ್‌ಗಳಿಗೆ ಈ ತಾಪತ್ರಯ ಕಮ್ಮಿ.

ಬೆಂಗಳೂರಿನವರು ಇನ್ನೊಂದು ಮರೀತಾರೆ. ನಮ್ಮೂರು ಇರೋದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಗಾಳಿ ತೆಳು, ಬಾಲು ಮೂರು ಪರ್ಸೆಂಟ್ ಹತ್ರ ಹತ್ರ ಜಾಸ್ತಿ ಹೋಗುತ್ತೆ. 220 ಹೊಡೆಯೋರಿಗೆ ಏಳೆಂಟು ಯಾರ್ಡ್ ಪುಕ್ಕಟೆ. ಕೆಜಿಎನಲ್ಲೋ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಬೆಂಗಳೂರು ಗಾಲ್ಫ್ ಕ್ಲಬ್ಬಲ್ಲೋ ಆಡಿ ರೂಢಿ ಆದವರು ಮಂಗಳೂರಿನ ಪಿಲಿಕುಳಕ್ಕೆ ಹೋಗಿ ಅದೇ 7 ಐರನ್ (ಮಧ್ಯಮ ದೂರದ ಕ್ಲಬ್, ನಂಬರ್ ಹೆಚ್ಚಿದಷ್ಟೂ ದೂರ ಕಮ್ಮಿ) ಹೊಡೆದು ಬಾಲು ಗ್ರೀನ್ (ಹೋಲ್ ಇರೋ ನುಣುಪು ಹುಲ್ಲು) ಮುಟ್ಲಿಲ್ಲ ಅಂದ್ರೆ ಶಾಫ್ಟ್ ಬೈಕೋಬಾರ್ದು. ಫಿಟ್ಟಿಂಗ್ ಮೆಷೀನಲ್ಲಿ ನಾರ್ಮಲೈಸ್ ಅಂತ ಆಪ್ಶನ್ ಇದ್ದು ಅದು ಆನ್ ಇದ್ರೆ ಅಂಕಿ ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ತಿದ್ದಿರ್ತಾರೆ, ಆಫ್ ಇದ್ರೆ ಇಲ್ಲಿಯ ಗಾಳಿದು. ಎರಡು ಡ್ರೈವರ್ ಹೋಲಿಸುವಾಗ ಒಂದಕ್ಕೆ ಆನ್, ಇನ್ನೊಂದಕ್ಕೆ ಆಫ್ ಮಾತ್ರ ಆಗ್ಬಾರ್ದು.

ಇಷ್ಟೆಲ್ಲ ಹೇಳಿದ ಮೇಲೂ ನಿಜವಾಗ್ಲೂ ನೋಡ್ಬೇಕಾದ್ದು ದೂರ ಅಲ್ಲ. ಹತ್ತು ಬಾಲ್ ಹೊಡೀರಿ, ಕೆಟ್ಟದಾಗಿ ಹೊಡೆದಿದ್ದನ್ನ ಡಿಲೀಟ್ ಮಾಡೋಕೆ ಬಿಡ್ಬೇಡಿ (ಸೇಲ್ಸಿನವರು ಸಾರ್ ಅದು ಬಿಡಿ ಅಂತ ಪ್ರೀತಿಯಿಂದ ಅಳಿಸ್ತಾರೆ, ಅದೇ ಕಣ್ರೀ ನಿಮ್ಮ ನಿಜವಾದ ಆಟ), ಆಮೇಲೆ ಮೇಲಿಂದ ನೋಡೋ ಚಿತ್ರದಲ್ಲಿ ಹತ್ತು ಚುಕ್ಕೆ ಎಷ್ಟು ಅಗಲಕ್ಕೆ ಹರಡಿದೆ ನೋಡಿ. ಐದು ಯಾರ್ಡ್ ಹಿಂದೆ ಬಿದ್ರೂ ಹತ್ತಕ್ಕೆ ಎಂಟು ಫೇರ್‌ವೇ ಒಳಗೆ ಬೀಳಿಸೋ ಕ್ಲಬ್ಬು, ಒಂದೇ ಒಂದು ಸಲ 250 ಹೋಗಿ ಎರಡನ್ನ ಪಕ್ಕದ ಹೋಲಿಗೆ ಕಳಿಸೋ ಕ್ಲಬ್ಬಿಗಿಂತ ಮೇಲು.

ಪ್ರಶ್ನೆ: ನನ್ನ ವಯಸ್ಸು 61, ರಿಟೈರ್ ಆಗಿದೀನಿ, ಎಡಗೈ ಮೊಣಕೈ ನೋವಿದೆ. ಮಗ ಅಮೆರಿಕಾದಿಂದ ಡಿಸೆಂಬರಲ್ಲಿ ಬರ್ತಾನೆ, ಸೆಕೆಂಡ್ ಹ್ಯಾಂಡ್ ಐರನ್ ಸೆಟ್ ತರ್ತೀನಿ ಅಂತಿದಾನೆ. ಈಗಿರೋದು ಇಪ್ಪತ್ತು ವರ್ಷದ ಹಿಂದಿನ ಸೆಟ್ಟು, ಡೈನಾಮಿಕ್ ಗೋಲ್ಡ್ ಎಸ್300 ಶಾಫ್ಟು. ಏನು ತರಿಸ್ಲಿ? (ಹಾಸನ)

ಉತ್ತರ: ಎಸ್300 ಬಿಡಿ ಸಾರ್, ಮೊದಲು ಅದನ್ನ ಬಿಡಿ. ಅದು ಒಂದೊಂದೂ 130 ಗ್ರಾಂ ಹತ್ರ ತೂಗುತ್ತೆ, ಟೂರಲ್ಲಿ ಆಡೋ ಹುಡುಗರ ಶಾಫ್ಟು, ಒಳ್ಳೇದೇ, ಆದ್ರೆ ನಿಮ್ಮ ಮೊಣಕೈಗೆ ಅಲ್ಲ. ಸ್ಟೀಲೇ ಇಷ್ಟ ಅಂದ್ರೆ ನಿಪ್ಪಾನ್ ಕಂಪನೀದು ಎನ್ಎಸ್ ಪ್ರೋ 950 ಅಂತಿದೆ, ನೂರು ಗ್ರಾಂ ಒಳಗೆ, ಜಪಾನಿನವರು ಹಗುರ ಸ್ಟೀಲ್ ಮಾಡೋದ್ರಲ್ಲಿ ನಿಸ್ಸೀಮರು. ನೋವಿದೆ ಅಂತೀರಲ್ಲ, ನಾನಾದ್ರೆ ಗ್ರಾಫೈಟೇ ತಗೋತಿದ್ದೆ, 60ರಿಂದ 80 ಗ್ರಾಂದು, ಬಾಲ್ ತಾಗ್ದಾಗ ಕೈಗೆ ಹತ್ತೋ ಅದುರು ಕಮ್ಮಿ ಅನ್ಸುತ್ತೆ. ಗ್ರಾಫೈಟ್ ಅಂದ್ರೆ ಮುದುಕರದ್ದು ಅನ್ನೋ ಮಾತು ಹಳೇದಾಯ್ತು. ನೋವು ಡಾಕ್ಟರ್‌ಗೆ ತೋರಿಸಿ, ಅದನ್ನ ಶಾಫ್ಟ್ ವಾಸಿ ಮಾಡಲ್ಲ.

ಈಗ ಇದಕ್ಕಿಂತ ಮುಖ್ಯ ವಿಷಯ, ಲಾಫ್ಟು. ನಿಮ್ಮ ಹಳೇ ಸೆಟ್ಟಲ್ಲಿ 7 ಐರನ್ ಲಾಫ್ಟ್ 34 ಡಿಗ್ರಿ ಅಕ್ಕಪಕ್ಕ ಇರುತ್ತೆ, ಈಗ ಬರೋ ಗೇಮ್ ಇಂಪ್ರೂವ್‌ಮೆಂಟ್ (ಹವ್ಯಾಸಿಗಳಿಗೆ ಹೊಡೆಯೋಕೆ ಸುಲಭ ಆಗ್ಲಿ ಅಂತ ಮಾಡಿದ) ಸೆಟ್‌ಗಳಲ್ಲಿ 28ರಿಂದ 30. ಅಂದ್ರೆ ಕೆಳಗೆ 7 ಅಂತ ಬರೆದಿರೋದು ನಿಮ್ಮ ಕಾಲದ 5 ಐರನ್ನಿಗೆ ಹತ್ರ. ಹೊಸ ಸೆಟ್ ಇಪ್ಪತ್ತು ಯಾರ್ಡ್ ಜಾಸ್ತಿ ಹೋಗುತ್ತೆ ಅಂತ ಜಾಹೀರಾತಲ್ಲಿ ಹೇಳೋದ್ರಲ್ಲಿ ದೊಡ್ಡ ಪಾಲು ಇದರದ್ದು, ನಂಬರ್ ಬದಲಾಯ್ಸಿದ್ರೆ ಯಾರಿಗೆ ತಾನೇ ದೂರ ಹೋಗಲ್ಲ ಹೇಳಿ. ಪೂರ್ತಿ ಬೂಟಾಟಿಕೆ ಅಂತಾನೂ ಅಲ್ಲ, ಹೆಡ್ಡಿನ ತೂಕ ಕೆಳಗೆ ಹಿಂದೆ ಇಟ್ಟಿರೋದ್ರಿಂದ ಲಾಫ್ಟ್ ಕಮ್ಮಿ ಇದ್ರೂ ಬಾಲ್ ಮೇಲೇಳುತ್ತೆ, ಆದ್ರೆ ಸ್ಪಿನ್ ಕಮ್ಮಿ ಆಗಿ ಗ್ರೀನ್ ಮೇಲೆ ನಿಲ್ಲದೆ ಆಚೆ ಉರುಳೋ ಸಾಧ್ಯತೆ ಇದೆ. ತೊಂದರೆ ಬರೋದು ಕೆಳಗಿನ ತುದೀಲಿ. ಹೊಸ ಸೆಟ್ಟಿನ ಪಿಚಿಂಗ್ ವೆಜ್ (ವೆಜ್ ಅಂದ್ರೆ ಹತ್ತಿರದ ಹೊಡೆತದ ಕ್ಲಬ್) 43 ಡಿಗ್ರಿ ಇರ್ಬಹುದು, ನಿಮ್ಮ ಸ್ಯಾಂಡ್ ವೆಜ್ 56, ಮಧ್ಯೆ 13 ಡಿಗ್ರಿ ಖಾಲಿ. 85 ಯಾರ್ಡಿಗೆ ಏನು ಹೊಡೀತೀರ? ಅದಕ್ಕೇ ಮಗನಿಗೆ ಹೇಳಿ, ಸೆಟ್ ತಗೊಳ್ಳುವಾಗ ಕಂಪನಿ ವೆಬ್‌ಸೈಟಲ್ಲಿ ಆ ವರ್ಷದ ಮಾಡೆಲ್ಲಿನ ಲಾಫ್ಟ್ ಪಟ್ಟಿ ನೋಡ್ಲಿ, 48 ಇಲ್ಲಾ 50 ಡಿಗ್ರಿದು ಒಂದು ಗ್ಯಾಪ್ ವೆಜ್ ಸೇರ್ಸಿ ತರ್ಲಿ. ಉದ್ದದ ಕಡೆ 4, 5 ಐರನ್ ಬೇಡ್ವೇ ಬೇಡ, ಆ ದುಡ್ಡಿಗೆ ಹೈಬ್ರಿಡ್ (ಐರನ್ನಿಗೂ ವುಡ್ಡಿಗೂ ಮಧ್ಯದ ಕ್ಲಬ್) ಬರುತ್ತೆ.

ಎಲ್ಲಿ ತಗೋಬೇಕು ಅನ್ನೋದಕ್ಕೆ, ಕಂಪನಿಯವರೇ ನಡೆಸೋ ಪ್ರೀ ಓನ್ಡ್ ಸೈಟ್‌ಗಳು ಅಲ್ಲಿವೆ, ಸ್ವಲ್ಪ ಬೆಲೆ ಜಾಸ್ತಿ ಆದ್ರೂ ಅಲ್ಲೇ ತಗೊಳ್ಳಿ. ನಕಲಿ ಮಾಲು ಎಷ್ಟು ಚೆನ್ನಾಗಿ ಬರ್ತಿದೆ ಅಂದ್ರೆ ಫೋಟೋ ನೋಡಿ ಹೇಳೋಕೆ ಆಗಲ್ಲ. ಕೈಗೆ ಸಿಕ್ರೆ ಹೋಸೆಲ್ (ಶಾಫ್ಟ್ ಕೂರೋ ಹೆಡ್ಡಿನ ಕೊಳವೆ) ಮೇಲೆ ಸೀರಿಯಲ್ ನಂಬರ್ ಇದ್ಯಾ, ಅಕ್ಷರಕ್ಕೆ ತುಂಬಿರೋ ಪೇಂಟ್ ಅಂಚು ಸರಿ ಇದ್ಯಾ, ಫೆರೂಲ್, ಅಂದ್ರೆ ಹೆಡ್ಡಿಗೂ ಶಾಫ್ಟಿಗೂ ಮಧ್ಯೆ ಇರೋ ಕಪ್ಪು ಪ್ಲಾಸ್ಟಿಕ್ ಬಳೆ, ಹೊಂದಿ ಕೂತಿದ್ಯಾ ನೋಡಿ. ಹೊಸ ಮಾಡೆಲ್ಲಿನ ಪೂರ್ತಿ ಸೆಟ್ಟು ಅರ್ಧ ಬೆಲೆಗೆ ಅಂದ್ರೆ ಅಲ್ಲಿಗೆ ಮಾತು ಮುಗೀತು.

ಪ್ರಶ್ನೆ: ನಾನೂ ಆಟ ಶುರು ಮಾಡ್ಬೇಕು ಅಂತಿದೀನಿ, ಎತ್ತರ ಐದಡಿ ಒಂದಿಂಚು. ನಮ್ಮನೆಯವರು ಅವರ ಹಳೇ ಕ್ಲಬ್ಬನ್ನೇ ಒಂದೂವರೆ ಇಂಚು ಕತ್ತರಿಸಿ ಕೊಡ್ತೀನಿ, ಹೊಸದಕ್ಕೆ ಯಾಕೆ ಖರ್ಚು ಅಂತಾರೆ. ಸರಿ ಹೋಗುತ್ತಾ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಮೇಡಂ, ಈ ಪುಟನ ಮಡಚಿ ಅವರ ಕಾಫಿ ಲೋಟದ ಪಕ್ಕ ಇಟ್ಬಿಡಿ. ಸರಿ ಹೋಗಲ್ಲ.

ಗಂಡಸರ ಸ್ಟೀಲ್ ಶಾಫ್ಟ್ 100ರಿಂದ 130 ಗ್ರಾಂ, ಹೆಂಗಸರಿಗಂತ ಮಾಡೋ ಗ್ರಾಫೈಟ್ 50ರ ಸುತ್ತಮುತ್ತ. ಒಂದೂವರೆ ಇಂಚು ಕತ್ತರಿಸಿದ್ರೆ ಅದರಲ್ಲಿ ಹೋಗೋದು ಬೆರಳೆಣಿಕೆ ಗ್ರಾಂ, ಮಿಕ್ಕ ಭಾರ ಎಲ್ಲ ನಿಮ್ಮ ಭುಜದ್ದೇ. ಗಟ್ಟಿ ಶಾಫ್ಟು ಗಿಡ್ಡ ಆದ್ರೆ ಇನ್ನೂ ಗಟ್ಟಿ ಆಗುತ್ತೆ. ತಮಾಷೆ ಏನಂದ್ರೆ ಒಟ್ಟು ತೂಕ ಇಳೀದೆ ಇದ್ರೂ ಬೀಸುವಾಗ ಹೆಡ್ ಇದೆ ಅನ್ನೋ ಭಾವನೇನೇ ಹೊರಟೋಗುತ್ತೆ, ಅದನ್ನ ಸ್ವಿಂಗ್‌ವೇಟ್ ಅಂತ ಅಳೀತಾರೆ, ಅರ್ಧ ಇಂಚಿಗೆ ಸುಮಾರು ಮೂರು ಪಾಯಿಂಟ್ ಲೆಕ್ಕ, ಡಿ2 ಇದ್ದಿದ್ದು ಒಂದೂವರೆ ಇಂಚಿಗೆ ಸಿ3ಗೆ ಇಳಿಯುತ್ತೆ. ಕೈಯಲ್ಲಿ ಕಬ್ಬಿಣದ ಸರಳು ಹಿಡಿದ ಹಾಗಿರುತ್ತೆ, ತುದೀಲಿ ಏನೂ ಇಲ್ಲ. ಗ್ರಿಪ್ಪೂ ಅವರ ಕೈ ಸೈಜಿಂದು.

ಗಾಲ್ಫಲ್ಲಿ 14 ಕ್ಲಬ್ ತನಕ ಇಟ್ಕೋಬಹುದು ಅಂತ ರೂಲ್, ಇಟ್ಕೊಳ್ಳಲೇಬೇಕು ಅಂತಲ್ಲ. ಶುರುವಿಗೆ ಆರೇಳು ಸಾಕು, ಒಂದು ಲಾಫ್ಟ್ ಜಾಸ್ತಿ ಇರೋ ಫೇರ್‌ವೇ ವುಡ್, ಒಂದೆರಡು ಹೈಬ್ರಿಡ್, 7 ಮತ್ತೆ 9 ಐರನ್, ಒಂದು ಸ್ಯಾಂಡ್ ವೆಜ್, ಪಟರ್ (ಗ್ರೀನ್ ಮೇಲೆ ಬಾಲ್ ಉರುಳಿಸೋ ಕ್ಲಬ್). ಹೆಂಗಸರ ಹಾಫ್ ಸೆಟ್ ಸೆಕೆಂಡ್ ಹ್ಯಾಂಡಲ್ಲಿ ನೋಡಿ, ಎಷ್ಟೋ ಜನ ಎರಡು ತಿಂಗಳು ಆಡಿ ಬಿಟ್ಟಿರ್ತಾರೆ, ಹೊಸದರ ಥರಾನೇ ಇರುತ್ತೆ. ದೂರ ಹೋಗಲ್ಲ ಅಂತ ಯಾರಾದ್ರೂ ಕಿಚಾಯ್ಸಿದ್ರೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಹೆಸರು ಹೇಳಿ. 2021ರ ಆಗಸ್ಟಲ್ಲಿ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ್ರಲ್ಲ, ದೂರ ಹೊಡೆಯೋದ್ರಲ್ಲಿ ಅಲ್ಲಿದ್ದವರ ಪೈಕಿ ಹಿಂದಿನ ಸಾಲು, ಪಟರ್ ಹಿಡಿದ್ರೆ ಮುಂದಿನ ಸಾಲು.

ಪ್ರಶ್ನೆ: ಐರನ್ನಲ್ಲಿ ಚೆನ್ನಾಗಿ ತಾಗಿದ ಬಾಲೂ ಎಡಕ್ಕೇ ಹೋಗುತ್ತೆ. ನಮ್ಮ ಪ್ರೊ ಸ್ವಿಂಗ್ ಸರಿ ಇದೆ, ಕ್ಲಬ್ ನೋಡ್ಸು ಅಂತಾರೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಆಗಲ್ವಾ ಇದು? (ತುಮಕೂರು)

ಉತ್ತರ: ಕೆಲವು ಸಲ ನೆಲ ನಿಜವಾಗ್ಲೂ ಡೊಂಕಿರುತ್ತೆ! ಇದು ಲೈ ಆಂಗಲ್ ಕಥೆ, ಅಂದ್ರೆ ಕ್ಲಬ್ಬನ್ನ ನೆಲದ ಮೇಲಿಟ್ಟಾಗ ಶಾಫ್ಟ್ ಎಷ್ಟು ನೆಟ್ಟಗಿರುತ್ತೆ ಅನ್ನೋದು. ಬಾಲ್ ಹೊಡೆಯೋ ಕ್ಷಣದಲ್ಲಿ ಹೆಡ್ಡಿನ ಮೂತಿ (ಶಾಫ್ಟಿಂದ ದೂರದ ತುದಿ) ಮೇಲೆದ್ದು ಹಿಮ್ಮಡಿ (ಶಾಫ್ಟ್ ಸೇರೋ ಕಡೆ) ನೆಲಕ್ಕೆ ತಾಗ್ತಿದ್ರೆ ಫೇಸ್ ಎಡಕ್ಕೆ ನೋಡುತ್ತೆ, ಬಲಗೈ ಆಟಗಾರರಿಗೆ ಬಾಲು ಎಡಕ್ಕೆ. ಉಲ್ಟಾ ಆದ್ರೆ ಬಲಕ್ಕೆ. ಲಾಫ್ಟ್ ಜಾಸ್ತಿ ಇದ್ದಷ್ಟೂ ಈ ತೊಂದರೆ ಜಾಸ್ತಿ, ಹಾಗಾಗಿ 5 ಐರನ್ನಿಗಿಂತ 9 ಐರನ್, ವೆಜ್ಜಲ್ಲಿ ಹೆಚ್ಚು ಎಡಕ್ಕೆ ಹೋಗ್ತಿದ್ರೆ ಅನುಮಾನ ಗಟ್ಟಿ.

ಮನೇಲೇ ಪರೀಕ್ಷೆ ಮಾಡ್ಬಹುದು. ವೈಟ್‌ಬೋರ್ಡ್ ಮಾರ್ಕರಲ್ಲಿ ಬಾಲ್ ಮೇಲೆ ಒಂದು ದಪ್ಪ ಗೆರೆ ಎಳೆದು, ಆ ಗೆರೆ ಫೇಸ್ ಕಡೆಗೆ ನೆಟ್ಟಗೆ ನಿಂತಿರೋ ಹಾಗೆ ಬಾಲ್ ಇಟ್ಟು ಹೊಡೀರಿ, ಫೇಸ್ ಮೇಲೆ ಗೆರೆಯ ಅಚ್ಚು ಬೀಳುತ್ತೆ. ಫೇಸಿನ ಗೀರುಗಳಿಗೆ ಅದು ಲಂಬವಾಗಿದ್ರೆ ಲೈ ಸರಿ, ವಾಲಿದ್ರೆ ಇಲ್ಲ. ಒಂದೇ ಬಾಲಲ್ಲಿ ತೀರ್ಮಾನ ಬೇಡ, ಐದಾರು ಹೊಡೆದು ಎಲ್ಲದ್ರಲ್ಲೂ ಒಂದೇ ಕಡೆ ವಾಲಿದ್ಯಾ ನೋಡಿ. ಇದೇ ಮಾರ್ಕರಿಂದ ಬಾಲು ಫೇಸಿನ ನಡುವೆ ತಾಗ್ತಿದ್ಯಾ ತುದಿಗೆ ತಾಗ್ತಿದ್ಯಾ ಅಂತಾನೂ ಗೊತ್ತಾಗುತ್ತೆ, ಡ್ರೈವರ್‌ಗೂ ಮಾಡಿ. ಡ್ರೈವರಲ್ಲಿ ಫೇಸಿನ ಕೆಳಭಾಗಕ್ಕೆ ತಾಗಿದ್ರೆ ಸ್ಪಿನ್ ಜಾಸ್ತಿ ಆಗಿ ಬಾಲು ಮೇಲಕ್ಕೆ ಎದ್ದು ಅಲ್ಲೇ ಬೀಳುತ್ತೆ, ಹಿಮ್ಮಡಿ ಕಡೆ ತಾಗಿದ್ರೆ ಸ್ಲೈಸ್ ಸ್ಪಿನ್ (ಬಾಲನ್ನ ಬಲಕ್ಕೆ ತಿರುಗಿಸೋದು) ಸೇರುತ್ತೆ. ಶಾಫ್ಟ್ ಸ್ಪಿನ್ ಜಾಸ್ತಿ ಕೊಡ್ತಿದೆ ಅಂತ ದೂರೋರಲ್ಲಿ ಬಹಳ ಜನರಿಗೆ ಬೇಕಾಗಿರೋದು ಇಪ್ಪತ್ತು ರೂಪಾಯಿ ಮಾರ್ಕರ್, ಇಪ್ಪತ್ತು ಸಾವಿರದ ಶಾಫ್ಟ್ ಅಲ್ಲ.

ಲೈ ತಪ್ಪಿದ್ರೆ ಬಗ್ಗಿಸ್ಬಹುದು, ಅದಕ್ಕೆ ಅಂತ ಮೆಷೀನ್ ಇದೆ. ಮೆತ್ತನೆ ಕಾರ್ಬನ್ ಸ್ಟೀಲ್ ಫೋರ್ಜ್ಡ್ (ಬಡಿದು ಮಾಡಿದ) ಹೆಡ್ ಎರಡು ಡಿಗ್ರಿ ಸಲೀಸಾಗಿ ಬಗ್ಗುತ್ತೆ, 17-4 ಸ್ಟೇನ್‌ಲೆಸ್ ಸ್ಟೀಲಿಂದ ಎರಕ ಹೊಯ್ದದ್ದು ಬಗ್ಗೋಕೆ ಮೊಂಡು ಹಿಡಿಯುತ್ತೆ, ಮುರಿಯೋದೂ ಉಂಟು, ಮಾಡೋರಿಗೆ ಅಭ್ಯಾಸ ಇರ್ಬೇಕು. ಪಿಂಗ್ ಕಂಪನಿಯ ಐರನ್ ಮೇಲೆ ಬಣ್ಣದ ಚುಕ್ಕೆ ಇರುತ್ತಲ್ಲ, ಅದು ಅಲಂಕಾರ ಅಲ್ಲ, ಲೈ ಎಷ್ಟು ಅನ್ನೋ ಗುರುತು, ಕಪ್ಪು ಅಂದ್ರೆ ಸ್ಟ್ಯಾಂಡರ್ಡು. ಆ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್‌ಹೈಮ್ ಜನರಲ್ ಎಲೆಕ್ಟ್ರಿಕಲ್ಲಿ ಇಂಜಿನಿಯರ್ ಆಗಿದ್ದವರು, ಅಳತೆ ಹುಚ್ಚು ಅಲ್ಲಿಂದಾನೇ ಬಂದಿರ್ಬೇಕು.

ಪ್ರಶ್ನೆ: ಬ್ಲೇಡ್ (ಹಿಂಭಾಗ ಸಪಾಟಾಗಿರೋ ತೆಳು) ಐರನ್ ತಗೊಂಡ್ರೆ ಆಟ ಬೇಗ ಸುಧಾರಿಸುತ್ತೆ ಅಂತಾರೆ ನಿಜಾನಾ? ಹ್ಯಾಂಡಿಕ್ಯಾಪ್ 19. (ಬೆಳಗಾವಿ)

ಉತ್ತರ: ಇಲ್ಲ. ನೋಡೋಕೆ ಚೆಂದ, ಗೋಡೆಗೆ ಒರಗಿಸಿಡಿ. ಆಡೋಕೆ ಕ್ಯಾವಿಟಿ ಬ್ಯಾಕ್ (ಹಿಂದೆ ಟೊಳ್ಳು ಬಿಟ್ಟಿರೋದು), ತಪ್ಪು ಹೊಡೆತಾನ ಅದು ಜಾಸ್ತಿ ಕ್ಷಮಿಸುತ್ತೆ.

ಪ್ರಶ್ನೆ: ವೆಜ್ ಮೇಲೆ 56.08, 56.14 ಅಂತೆಲ್ಲ ಇರುತ್ತೆ, ಎರಡನೇ ಅಂಕಿ ಬೌನ್ಸ್ ಅಂತ ಗೊತ್ತು. ನಮ್ಮ ಕಡೆಗೆ ಯಾವುದು ಒಳ್ಳೇದು? (ಬಿಡದಿ)

ಉತ್ತರ: ಬೌನ್ಸ್ ಅಂದ್ರೆ ಕ್ಲಬ್ಬಿನ ತಳ ಮುಂದಿನ ಅಂಚಿಗಿಂತ ಕೆಳಕ್ಕೆ ಇಳಿದಿರೋ ಕೋನ. ಅದು ಕಮ್ಮಿ ಇದ್ರೆ ಕ್ಲಬ್ಬಿನ ಮುಂದಿನ ಅಂಚು ನೆಲಕ್ಕೆ ಹತ್ರ ಇರುತ್ತೆ, ಗಟ್ಟಿ ನೆಲಕ್ಕೆ ಅದು ಅನುಕೂಲ. ಜಾಸ್ತಿ ಇದ್ರೆ ಮೆತ್ತನೆ ಮಣ್ಣು, ಸಡಿಲ ಮರಳಲ್ಲಿ ಹೂತುಹೋಗದೆ ಜಾರುತ್ತೆ. ನಮ್ಮ ಕಡೆ ಕೆಂಪು ಮಣ್ಣು ಮಾರ್ಚ್ ಏಪ್ರಿಲಲ್ಲಿ ಸಿಮೆಂಟ್ ಆಗಿರುತ್ತೆ, 14 ಬೌನ್ಸ್ ಹಿಡ್ಕೊಂಡು ಹೊಡೆದ್ರೆ ಕ್ಲಬ್ ಪುಟಿದು ಬಾಲಿನ ತಲೆಗೆ ತಾಗುತ್ತೆ, ಅದೇ ಜಾಗ ಆಗಸ್ಟಲ್ಲಿ ಗೊಚ್ಚೆ. ಒಂದೇ ಇಟ್ಕೊಳ್ಳೋದಾದ್ರೆ 10 ತಗೊಳ್ಳಿ. ಎರಡು ಅಂದ್ರೆ ಬಂಕರಿಗೆ (ಮರಳಿನ ಗುಂಡಿ) 56ರಲ್ಲಿ 12 ಇಲ್ಲಾ 14, ಗ್ರೀನ್ ಸುತ್ತ ಚಿಪ್ ಮಾಡೋಕೆ 52 ಇಲ್ಲಾ 60ರಲ್ಲಿ 8. ನೀವು ಡಿವಟ್ (ಹೊಡೆದಾಗ ಕಿತ್ತು ಬರೋ ಹುಲ್ಲು ಮಣ್ಣು) ಆಳವಾಗಿ ತೆಗೆಯೋರಾದ್ರೆ ಎಲ್ಲದ್ರಲ್ಲೂ ಎರಡು ಡಿಗ್ರಿ ಜಾಸ್ತಿ ಇರ್ಲಿ. ಇದನ್ನ ಚಾಪೆ ಮೇಲೆ ಟೆಸ್ಟ್ ಮಾಡಿ ಏನೂ ಪ್ರಯೋಜನ ಇಲ್ಲ, ಹುಲ್ಲಿನ ಮೇಲೇ ಹೊಡೀಬೇಕು, ಮತ್ತೆ ನಿಮ್ಮ ಕ್ಯಾಡಿನ (ಬ್ಯಾಗ್ ಹೊತ್ತು ಜೊತೆಗೆ ನಡೆಯೋರು) ಒಂದ್ಮಾತು ಕೇಳಿ, ನಿಮ್ಮ ಡಿವಟ್ಟನ್ನ ನಿಮಗಿಂತ ಜಾಸ್ತಿ ನೋಡಿರೋರು ಅವರೇ. ಕ್ಯಾಡಿ ಮಾತು ಅಂತ ತಳ್ಳಿಹಾಕೋರು ಒಂದು ನೆನಪಿಡಿ, ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರೇ, 2009ರಲ್ಲಿ ಇಂಡಿಯನ್ ಓಪನ್ ಗೆದ್ರು.

ಪ್ರಶ್ನೆ: ಅಡ್ಜಸ್ಟಬಲ್ ಡ್ರೈವರಿನ ರೆಂಚ್ ಬ್ಯಾಗಲ್ಲೇ ಇರುತ್ತೆ. ಆಟದ ಮಧ್ಯೆ ಲಾಫ್ಟ್ ಬದಲಾಯಿಸ್ಬಹುದಾ? (ಹುಬ್ಬಳ್ಳಿ)

ಉತ್ತರ: ಭಾನುವಾರ ಸ್ನೇಹಿತರ ಜೊತೆ ಆಡುವಾಗ ಏನಾದ್ರೂ ಮಾಡ್ಕೊಳ್ಳಿ. ಕಾಂಪಿಟಿಷನ್ನಲ್ಲಿ ರೌಂಡ್ ಶುರು ಆದ್ಮೇಲೆ ಬೇಕಂತ ಬದಲಾಯಿಸಿ ಆ ಕ್ಲಬ್ಬಲ್ಲಿ ಹೊಡೆದ್ರೆ ನೇರ ಡಿಸ್ಕ್ವಾಲಿಫೈ. ಹೊಡೆಯೋ ಮುಂಚೆ ವಾಪಸ್ ಮೊದಲಿನ ಹಾಗೇ ಇಟ್ಟುಬಿಟ್ರೆ ತೊಂದರೆ ಇಲ್ಲ. ಇನ್ನೊಂದು, ತಿರುಗಿಸಿ ಲಾಫ್ಟ್ ಏರ್ಸಿದಾಗ ಫೇಸ್ ಸ್ವಲ್ಪ ಎಡಕ್ಕೆ ಮುಚ್ಕೊಳ್ಳುತ್ತೆ, ಇಳಿಸಿದ್ರೆ ಬಲಕ್ಕೆ ತೆರ್ಕೊಳ್ಳುತ್ತೆ. ಸ್ಲೈಸ್ ಹೊಡೆಯೋರು ದೂರ ಬೇಕು ಅಂತ ಲಾಫ್ಟ್ ಇಳಿಸಿ ಇನ್ನೂ ಬಲಕ್ಕೆ ಹೋಯ್ತು ಅಂತ ಬರೀತಾರೆ, ಇದೇ ಕಾರಣ.

ಪ್ರಶ್ನೆ: ಅಟ್ಟದಲ್ಲಿ ತಾತನ ಕಾಲದ ಎರಡು ಕ್ಲಬ್ ಸಿಕ್ತು, ಮರದ ಶಾಫ್ಟ್, ಒಂದ್ರ ಮೇಲೆ ಮ್ಯಾಶಿ ಅಂತಿದೆ. ಆಡ್ಬಹುದಾ? (ಮಡಿಕೇರಿ)

ಉತ್ತರ: ಮೊದಲು ಒಂದು ಮ್ಯಾಗ್ನೆಟ್ ಇಟ್ಟು ನೋಡಿ. ಸ್ಟೀಲ್ ಶಾಫ್ಟಿಗೆ ಅಮೆರಿಕಾದಲ್ಲಿ 1920ರ ದಶಕದಲ್ಲಿ ಒಪ್ಪಿಗೆ ಸಿಕ್ತು, ಬ್ರಿಟನ್ನಿನ ಆರ್ ಅಂಡ್ ಎ 1929ರಲ್ಲಿ ಒಪ್ಕೊಳ್ತು, ಆಮೇಲೂ ಜನಕ್ಕೆ ಮರದ ಮೋಹ ಬಿಡ್ಲಿಲ್ಲ ಅಂತ ಸ್ಟೀಲ್ ಮೇಲೆ ಮರದ ಬಣ್ಣದ ಹೊದಿಕೆ ಹಾಕಿ ಮಾರ್ತಿದ್ರು. ಮ್ಯಾಗ್ನೆಟ್ ಹಿಡಿದ್ರೆ ಆ ಜಾತಿದು. ಹಿಡೀಲಿಲ್ಲ ಅಂದ್ರೆ ಹಿಕ್ಕರಿ ಮರ, ನಿಜವಾದ ಹಳೇ ಮಾಲು. ಮ್ಯಾಶಿ ಅಂದ್ರೆ ಈಗಿನ 5 ಐರನ್ನಿನ ಹತ್ರದ್ದು. ಈಗಿನ ಗಟ್ಟಿ ಬಾಲಲ್ಲಿ ಜೋರಾಗಿ ಹೊಡೀಬೇಡಿ, ಒಣಗಿದ ಮರ ಸೀಳುತ್ತೆ, ಹೆಡ್ ಅಲ್ಲಾಡ್ತಿದ್ರಂತೂ ಮುಟ್ಲೇಬೇಡಿ. ಶಾಫ್ಟಿಗೆ ಅಗಸೆ ಎಣ್ಣೆ ತೆಳ್ಳಗೆ ಸವರಿ ಇಡಿ, ಹೆಡ್ಡಿನ ತುಕ್ಕನ್ನ ಮರಳು ಕಾಗದದಲ್ಲಿ ಉಜ್ಜಿ ಫಳಫಳ ಮಾಡೋ ಸಾಹಸ ಬೇಡ, ಮಾಡಿದವರ ಅಕ್ಷರ ಅಳಿಸಿಹೋದ್ರೆ ಬೆಲೇನೂ ಹೋಯ್ತು.

ಪ್ರಶ್ನೆ: ಡ್ರೈವರ್ ಶಾಫ್ಟ್ ನಾನೇ ಮನೇಲಿ ಬದಲಾಯಿಸ್ಬೇಕು ಅಂತಿದೀನಿ, ಆನ್‌ಲೈನಲ್ಲಿ ಒಂದು ಬರೀ ಶಾಫ್ಟ್ ನೋಡಿಟ್ಟಿದೀನಿ. ಏನೇನು ನೋಡ್ಕೋಬೇಕು? (ಬೆಂಗಳೂರು, ಮತ್ತೆ ಇದನ್ನೇ ಕೇಳಿರೋ ಇನ್ನೂ ಮೂರು ಜನ)

ಉತ್ತರ: ಒಳ್ಳೇ ಹುಚ್ಚು, ಮಾಡಿ. ಆದ್ರೆ ಆರ್ಡರ್ ಮಾಡೋ ಮುಂಚೆ ತುದಿ ಅಳತೆ. ಡ್ರೈವರ್‌ಗೆ .335 ಇಂಚು ಸಾಮಾನ್ಯ, ಕೆಲವು ಹೆಡ್ .350 ಕೇಳುತ್ತೆ. ಐರನ್ನಲ್ಲಿ .355 ಟೇಪರ್ (ತುದಿಗೆ ಹೋಗ್ತಾ ಸಣ್ಣಗಾಗೋದು), .370 ಪ್ಯಾರಲಲ್ (ತುದೀಲಿ ಒಂದೇ ದಪ್ಪ) ಅಂತ ಎರಡು ಜಾತಿ, .355 ಹೋಸೆಲ್ಲಿಗೆ .370 ಶಾಫ್ಟ್ ಕೂರಲ್ಲ. ಡ್ರೈವರ್ ಅಡ್ಜಸ್ಟಬಲ್ ಆಗಿದ್ರೆ ಶಾಫ್ಟ್ ತುದೀಲಿ ಅಡಾಪ್ಟರ್ ಬೇಕು, ಅದು ಒಂದು ಕಂಪನೀದು ಇನ್ನೊಂದಕ್ಕೆ ಆಗಲ್ಲ, ಒಂದೇ ಕಂಪನೀಲೂ ಹಳೇ ಮಾಡೆಲ್‌ದು ಹೊಸದಕ್ಕೆ ಆಗದೆ ಇರ್ಬಹುದು. ಇನ್ನು ಅಡಾಪ್ಟರ್ ಸಮೇತ ಸೆಕೆಂಡ್ ಹ್ಯಾಂಡಲ್ಲಿ ಸಿಗೋ ಶಾಫ್ಟಿದ್ರೆ ತುದಿ ಎಷ್ಟು ಕತ್ತರಿಸಿದಾರೆ ಅಂತ ಕೇಳ್ಲೇಬೇಕು, ತುದಿ ಕಡೆ ಅರ್ಧ ಇಂಚು, ಒಂದಿಂಚು ಕತ್ತರಿಸಿದ್ರೆ ಶಾಫ್ಟ್ ಗಟ್ಟಿ ಆಗುತ್ತೆ, ಮೇಲೆ ಆರ್ ಅಂತಿದ್ರೂ ಆಡೋಕೆ ಬೇರೇನೇ. ಮಾರೋರು ಗೊತ್ತಿಲ್ಲ ಅಂದ್ರೆ ನಾನಾದ್ರೆ ಅದನ್ನ ಬಿಟ್ಟು ಬೇರೆ ನೋಡ್ತೀನಿ.

ಹಳೇದು ತೆಗೆಯುವಾಗ ಹೀಟ್ ಗನ್ನಿಂದ ಹೋಸೆಲ್ಲಿಗೆ ಮಾತ್ರ ಕಾವು ಕೊಡಿ, ಗ್ರಾಫೈಟಿಗೆ ಬೆಂಕಿ ಜ್ವಾಲೆ ಹಿಡೀಬೇಡಿ, ಒಳಗಿರೋ ರೆಸಿನ್ ಸುಟ್ಟು ಶಾಫ್ಟ್ ಸತ್ತೇ ಹೋಗುತ್ತೆ. ಅಂಟು ಬಿಟ್ಮೇಲೆ ನೇರವಾಗಿ ಎಳೀಬೇಕು, ಗ್ರಾಫೈಟನ್ನ ತಿರುಚಿದ್ರೆ ನಾರು ಸೀಳುತ್ತೆ. ಹೊಸ ಶಾಫ್ಟ್ ತುದೀಲಿ ಹೋಸೆಲ್ ಒಳಗೆ ಹೋಗೋ ಅಷ್ಟು ಭಾಗದ ಪೇಂಟ್ ಮಾತ್ರ ಮರಳು ಕಾಗದದಲ್ಲಿ ತೆಗೀರಿ, ಕಪ್ಪು ನಾರು ಕಾಣೋಕೆ ಶುರು ಆದ ತಕ್ಷಣ ನಿಲ್ಲಿಸಿ. ಎಪಾಕ್ಸಿ (ಎರಡು ಭಾಗದ ಗಟ್ಟಿ ಅಂಟು) ಎರಡೂ ಭಾಗ ಸಮ ಅಳತೇಲಿ ಕಲೆಸಿ, ಐದು ನಿಮಿಷದ ಎಪಾಕ್ಸಿ ಬೇಡ, ಡ್ರೈವರ್ ಹೆಡ್ಡು ಬಾಲಿಗಿಂತ ಮುಂದೆ ಹಾರಿಹೋದ ದೃಶ್ಯ ರೇಂಜಲ್ಲಿ (ಅಭ್ಯಾಸದ ಮೈದಾನ) ಎಲ್ಲರೂ ನೋಡಿರ್ತಾರೆ, ಪಕ್ಕದಲ್ಲಿ ನಿಂತವರಿಗೆ ಅದು ತಮಾಷೆ ಅಲ್ಲ.

ಉದ್ದ 45 ಇಂಚಲ್ಲಿ ನಿಲ್ಸಿ. ಅಂಗಡೀಲಿ 45.5, 45.75 ಬರುತ್ತೆ, ಟೂರ್ ಪ್ರೊಗಳೇ ಎಷ್ಟೋ ಜನ 45ರ ಕೆಳಗೆ ಆಡ್ತಾರೆ, ಉದ್ದ ಕಮ್ಮಿ ಆದಷ್ಟೂ ಬಾಲು ಫೇಸ್ ನಡುವೆ ತಾಗೋದು ಜಾಸ್ತಿ. ಕಳೆದುಹೋದ ಸ್ವಿಂಗ್‌ವೇಟ್ ವಾಪಸ್ ಬೇಕಿದ್ರೆ ಹೆಡ್ಡಿಗೆ ಲೆಡ್ ಟೇಪ್ ಅಂಟಿಸಿ, ಎರಡು ಗ್ರಾಂಗೆ ಒಂದು ಪಾಯಿಂಟ್ ಲೆಕ್ಕ. ಗ್ರಿಪ್ ಹಾಕುವಾಗ ಹಳೇ ಗ್ರಿಪ್ಪಿನ ತೂಕ ಅಡುಗೆಮನೆ ತಕ್ಕಡೀಲಿ ನೋಡಿ ಅಷ್ಟೇ ತೂಕದ್ದು ಹಾಕಿ, ಇಲ್ಲಾಂದ್ರೆ ಗ್ರಿಪ್ಪಿನ ಐದು ಗ್ರಾಂ ಒಂದು ಪಾಯಿಂಟ್ ತಿಂದ್ಬಿಡುತ್ತೆ, ಆಮೇಲೆ ಶಾಫ್ಟಿಂದ ಆಯ್ತೋ ಗ್ರಿಪ್ಪಿಂದ ಆಯ್ತೋ ಅಂತ ತಲೆ ಕೆರ್ಕೋಬೇಕು. ಒಂದ್ಸಲಕ್ಕೆ ಒಂದೇ ಬದಲಾವಣೆ. ಹಳೇ ಶಾಫ್ಟನ್ನ ಮಾರ್ಬೇಡಿ, ಅದಕ್ಕೂ ಒಂದು ಅಡಾಪ್ಟರ್ ಹಾಕಿಟ್ಕೊಂಡ್ರೆ ರೇಂಜಲ್ಲೇ ಅದೇ ಹೆಡ್ಡಿಗೆ ಎರಡನ್ನೂ ಬದಲಾಯ್ಸಿ ಬದಲಾಯ್ಸಿ ಹೊಡೀಬಹುದು, ಹೊಸದು ಐದು ಹಳೇದು ಐದು, ಮತ್ತೆ ಹಳೇದು ಐದು ಹೊಸದು ಐದು, ಹೀಗೆ ಸರದಿ ತಿರುಗಿಸಿ, ಯಾಕಂದ್ರೆ ಮೊದಲು ಹೊಡೆದಿದ್ದು ಮೈ ಬಿಸಿ ಆಗಿಲ್ಲ ಅಂತ ಸೋಲುತ್ತೆ, ಕೊನೇಲಿ ಹೊಡೆದಿದ್ದು ಸುಸ್ತಾಗಿ ಸೋಲುತ್ತೆ. ರೇಂಜ್ ಬಾಲಲ್ಲಿ ದೂರ ಲೆಕ್ಕ ಹಾಕ್ಬೇಡಿ, ಸವೆದು ಹೋಗಿರುತ್ತೆ, ದಿಕ್ಕು ಮಾತ್ರ ನೋಡಿ, ದೂರಕ್ಕೆ ನೀವು ಆಡೋ ಬಾಲನ್ನೇ ಕೋರ್ಸಿಗೆ ತಗೊಂಡು ಹೋಗಿ ಜನ ಇಲ್ದೇ ಇರೋ ಮಧ್ಯಾಹ್ನ ಒಂದೇ ಟೀಯಿಂದ ಹೊಡೆದು ಹೆಜ್ಜೆ ಹಾಕಿ ಅಳೀರಿ.

ಎಪಾಕ್ಸಿ ಮಾತ್ರ ಪೂರ್ತಿ 24 ಗಂಟೆ ಒಣಗ್ಲಿ. ಶನಿವಾರ ರಾತ್ರಿ ಅಂಟಿಸಿ ಭಾನುವಾರ ಬೆಳಗ್ಗೆ ಟೀ ಟೈಮ್ ಬುಕ್ ಮಾಡ್ಕೋಬೇಡಿ.